ಹಾಜರಿ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿದ ಬಗೆ

ಉದ್ಯೋಗ ಖಾತರಿ ಯೋಜನೆಯ ಅಂಕಿಅಂಶಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕೆಲಸ ಕೇಳಿದ ಕುಟುಂಬಗಳ ಸಂಖ್ಯೆಯೂ ಕೆಲಸ ಕೊಡಲಾಗಿದೆ ಎಂದು ದಾಖಲಾದ ಕುಟುಂಬಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಕಾಗದವನ್ನು ನಂಬುವುದಾದರೆ ಕೇಳಿದವರಿಗೆಲ್ಲ ಕೆಲಸ ಸಿಕ್ಕಿದೆ. ಆದರೆ ರಾಯಚೂರು ಸೀಮೆಯಿಂದ ಬೇಸಿಗೆಯಲ್ಲಿ ಬೆಂಗಳೂರು, ಪುಣೆ, ಗೋವಾ ಕಡೆಗೆ ಹೊರಡುವ ಬಸ್ಸುಗಳಲ್ಲಿ ಪಾತ್ರೆ, ಹಾಸಿಗೆ, ಮಕ್ಕಳ ಸಮೇತ ಗುಳೆ ಹೊರಟ ಕುಟುಂಬಗಳು ಕಿಕ್ಕಿರಿದಿರುತ್ತವೆ. ಕೇಳಿದವರಿಗೆಲ್ಲ ಊರಿನಲ್ಲೇ ಕೆಲಸ ಸಿಕ್ಕಿದ್ದರೆ ಇವರು ಯಾರು? ನೀತಿ ಸಂಶೋಧನೆಗಾಗಿ ಸಾಮಾಜಿಕ ಪರಿಶೋಧನೆಯ, ಅಂದರೆ ಯೋಜನೆಯ ದಾಖಲೆಗಳನ್ನು ಊರಿನವರೊಂದಿಗೆ ತಾಳೆ ನೋಡುವ ತಂಡಗಳೊಂದಿಗೆ ಈ ಭಾಗದ ಗ್ರಾಮ ಪಂಚಾಯಿತಿಗಳಲ್ಲಿ ಓಡಾಡಿದಾಗ ನಾನು ಹಿಡಿದು ಹೊರಟಿದ್ದು ಇದೊಂದೇ ಪ್ರಶ್ನೆಯನ್ನು.

ಉತ್ತರದ ಒಂದು ತುದಿ ಕಾನೂನಿನಲ್ಲೇ ಇದೆ. 2005ರ ಉದ್ಯೋಗ ಖಾತರಿ (ನರೇಗಾ) ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಆ ಕಾಯ್ದೆಯಡಿ ಕೂಲಿಯ ಹಣ ಕೇಂದ್ರದಿಂದ ಬರುತ್ತಿತ್ತು, ಭತ್ಯೆಯ ಹೊರೆ ರಾಜ್ಯದ ಮೇಲೆ ಬೀಳುತ್ತಿತ್ತು. ಹಾಗಾಗಿ ಭತ್ಯೆ ಕೊಡಬೇಕಾದ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು ಕೆಳಗಿನ ಕಚೇರಿಗಳಿಗೆ ಅನುಕೂಲ. ಅದಕ್ಕೆ ಇರುವ ಅತ್ಯಂತ ಸುಲಭದ ದಾರಿಯೆಂದರೆ ಕೆಲಸ ಕೇಳುವ ನಮೂನೆ 6ರ ಅರ್ಜಿಯನ್ನು ತೆಗೆದುಕೊಂಡು ದಿನಾಂಕ ಹಾಕಿದ ರಸೀದಿ ಕೊಡದಿರುವುದು. ಕೆಲಸ ಆರಂಭಿಸಲು ಎಲ್ಲ ಸಿದ್ಧವಾದ ಮೇಲೆ, ಆ ವಾರವೇ ಅರ್ಜಿ ಬಂದಿತೆಂದು ಕಂಪ್ಯೂಟರಿಗೆ ಏರಿಸಿದರೆ ಮುಗಿಯಿತು. ಬೇಡಿಕೆಗೂ ಪೂರೈಕೆಗೂ ಅಂತರವೇ ಉಳಿಯುವುದಿಲ್ಲ. ಇದರಲ್ಲಿ ಯಾರ ಜೇಬಿಗೂ ಒಂದು ರೂಪಾಯಿ ಹೋಗಿಲ್ಲವಾದ್ದರಿಂದ ಯಾರೂ ಇದನ್ನು ಭ್ರಷ್ಟಾಚಾರ ಎನ್ನುವುದಿಲ್ಲ. ನಾನು ಎನ್ನುತ್ತೇನೆ, ಏಕೆಂದರೆ ಉಳಿದ ಅಕ್ರಮಗಳೆಲ್ಲ ನಿಂತಿರುವುದು ಇದರ ಮೇಲೆ. ಕೆಲಸ ಹಕ್ಕಾಗಿ ಸಿಗದೆ ಯಾರದೋ ಕೃಪೆಯಿಂದ ಸಿಗುವ ಊರಿನಲ್ಲಿ, ಹಾಜರಿ ಪಟ್ಟಿಗೆ ಯಾರ ಹೆಸರು ಸೇರಿದೆ ಎಂದು ಕೇಳುವ ಧೈರ್ಯ ಕೂಲಿಕಾರರಿಗೆ ಬರುವುದು ಕಷ್ಟ.

ಪರಿಶೋಧನೆಯ ಮಾಮೂಲಿ ಕ್ರಮದಲ್ಲಿ ತಂಡವು ಎನ್‌ಎಂಆರ್ (ಹಾಜರಿ ಪಟ್ಟಿ), ಅಳತೆ ಪುಸ್ತಕ, ಬಿಲ್ಲುಗಳನ್ನು ಪಂಚಾಯಿತಿಯಿಂದ ಪಡೆದು, ಅದರಲ್ಲಿ ಹೆಸರಿರುವವರ ಮನೆಗೆ ಹೋಗಿ ವಿಚಾರಿಸುತ್ತದೆ. ಕಳ್ಳ ಹೆಸರುಗಳನ್ನು ಹಿಡಿಯಲು ಇದು ಸಾಕು. ಬಿಟ್ಟುಹೋದವರು ಮಾತ್ರ ಈ ಕ್ರಮದಲ್ಲಿ ಎಂದಿಗೂ ಸಿಗುವುದಿಲ್ಲ. ಆದ್ದರಿಂದ ನಾನು ಗ್ರಾಮ ಸಂಪನ್ಮೂಲ ವ್ಯಕ್ತಿಗಳೊಂದಿಗೆ ಕುಳಿತು ಇನ್ನೊಂದು ಪಟ್ಟಿ ಮಾಡಿಕೊಂಡೆ. ಮೊದಲು ಕೇರಿ, ತಾಂಡಾ, ಊರ ಹೊರಗಿನ ಜನತಾ ಮನೆಗಳನ್ನು ಬಾಗಿಲಿನಿಂದ ಬಾಗಿಲಿಗೆ ಬರೆದುಕೊಳ್ಳುವುದು. ಆಮೇಲೆ ಆ ಮನೆಗಳು ಜಾಲತಾಣದ ಜಾಬ್ ಕಾರ್ಡ್ ಪಟ್ಟಿಯಲ್ಲಿ ಇವೆಯೇ, ಇದ್ದರೆ ಆ ವರ್ಷ ಒಂದು ದಿನವಾದರೂ ಕೆಲಸ ಮಾಡಿವೆಯೇ ಎಂದು ನೋಡುವುದು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಬಿಟ್ಟುಹೋದವರು ಯಾರು ಎಂಬುದು ಯಾರೂ ಹೇಳದೆಯೇ ಕಾಣಿಸಿತು. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳ ಹೆಸರು ಇನ್ನೂ ಅತ್ತೆಮನೆಯ ಕಾರ್ಡಿನಲ್ಲೇ ಇತ್ತು. ಬೇರೆ ಕಾರ್ಡ್ ಕೇಳಿದರೆ ಪಡಿತರ ಚೀಟಿ ಬೇರೆ ಮಾಡಿಸಿಕೊಂಡು ಬಾ ಎಂದು ಕಳುಹಿಸಿದ್ದರು. ಮಾಜಿ ದೇವದಾಸಿ ಮಹಿಳೆಯರ ಮನೆಗಳಲ್ಲಿ ಕಾರ್ಡ್ ಇತ್ತು, ಕೆಲಸ ಇರಲಿಲ್ಲ. ಅಂಗವಿಕಲರಿಗೆ ಮತ್ತು ವಯಸ್ಸಾದವರಿಗೆ ಕರ್ನಾಟಕದಲ್ಲಿ ಅರ್ಧದಷ್ಟು ಕೆಲಸಕ್ಕೆ ಪೂರ್ತಿ ಕೂಲಿ ಕೊಡುವ ನಿಯಮವಿತ್ತು. ಆ ನಿಯಮ ಗೊತ್ತಿದ್ದ ಅಂಗವಿಕಲರೊಬ್ಬರೂ ಆ ಕೇರಿಗಳಲ್ಲಿ ನನಗೆ ಸಿಗಲಿಲ್ಲ. 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದ ಮೇಲೆ, ಬ್ಯಾಂಕ್ ಖಾತೆಗೆ ಜೋಡಣೆಯಾಗದ ಕಾರಣಕ್ಕೆ ಕೆಲಸದಿಂದ ದೂರ ಉಳಿದವರದ್ದು ಇನ್ನೊಂದು ಗುಂಪು. ಜೋಡಣೆಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ.

ಸಂದರ್ಶನದಲ್ಲಿ ಎಷ್ಟು ದಿನ ಕೆಲಸ ಮಾಡಿದಿರಿ ಎಂದು ಕೇಳುವುದನ್ನು ಬಿಟ್ಟುಬಿಟ್ಟೆವು. ಕ್ಯಾಲೆಂಡರ್ ನೋಡಿ ಬದುಕುವವರ ಪ್ರಶ್ನೆ ಅದು. ಯುಗಾದಿಗೂ ಕಾರ ಹುಣ್ಣಿಮೆಗೂ ನಡುವೆ ಎಲ್ಲಿದ್ದಿರಿ, ಮೊಹರಂಗೆ ಊರಿನಲ್ಲಿದ್ದಿರಾ, ಎಳ್ಳಮಾವಾಸ್ಯೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದಿರಾ, ಕೆರೆಯ ಹೂಳು ತೆಗೆಯುವಾಗ ಜೊತೆಗೆ ಯಾರಿದ್ದರು ಎಂದು ಕೇಳಿದರೆ ಉತ್ತರ ತಡವರಿಸದೆ ಬರುತ್ತದೆ. ಪುಣೆಯ ಕಟ್ಟಡದ ಕೆಲಸದಲ್ಲಿದ್ದವನ ಹೆಸರಿಗೆ ಅದೇ ವಾರ ಊರಿನ ನಾಲೆಯಲ್ಲಿ ಹಾಜರಿ ಬಿದ್ದಿರುವುದು ಹೀಗೆ ಗೊತ್ತಾಗುತ್ತದೆ. ಕೆಲಸದ ಸ್ಥಳದಿಂದ ದಿನಕ್ಕೆ ಎರಡು ಬಾರಿ ಫೋಟೊ ತೆಗೆದು ಏರಿಸುವ ವ್ಯವಸ್ಥೆ 2023ರ ಜನವರಿಯಿಂದ ಕಡ್ಡಾಯವಾಗಿತ್ತು. ಆ ಫೋಟೊಗಳನ್ನು ಮೊಬೈಲಿನಲ್ಲಿ ತೆರೆದು ಹೆಣ್ಣುಮಕ್ಕಳ ಕೈಗೆ ಕೊಟ್ಟಾಗ, ಮುಖ ಸ್ಪಷ್ಟವಿಲ್ಲದಿದ್ದರೂ ಸೀರೆಯ ಬಣ್ಣದಿಂದಲೇ ಒಬ್ಬೊಬ್ಬರನ್ನೂ ಗುರುತಿಸಿದರು. ಪಟ್ಟಿಯಲ್ಲಿದ್ದ ಹೆಸರುಗಳಿಗಿಂತ ಫೋಟೊದಲ್ಲಿದ್ದ ತಲೆಗಳು ಕಡಿಮೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಇಡೀ ಕೆಲಸದಲ್ಲಿ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಭಾಗ ಇದು.

ಕಳ್ಳ ಹೆಸರು ಸೇರಿಸಿದರೆ ಸರ್ಕಾರದ ಹಣ ಹೋಗುತ್ತದೆ ಎಂದೇ ಊರಿನಲ್ಲಿ ಎಲ್ಲರೂ ತಿಳಿದಿರುತ್ತಾರೆ. ಸರ್ಕಾರ ಎಲ್ಲೋ ಇದೆ, ಅದರ ಹಣಕ್ಕಾಗಿ ನೆರೆಮನೆಯವರನ್ನು ಏಕೆ ಎದುರುಹಾಕಿಕೊಳ್ಳಬೇಕು ಎಂಬುದು ಸಹಜವಾದ ಲೆಕ್ಕಾಚಾರ. ಆದರೆ ಈ ಯೋಜನೆಯ ಮಣ್ಣಿನ ಕೆಲಸಗಳಲ್ಲಿ ಕೂಲಿ ನಿಗದಿಯಾಗುವುದು ಅಳತೆಯ ಮೇಲೆ. ಎಂಜಿನಿಯರ್ ಗುಂಡಿಯನ್ನು ಅಳೆದು, ಇಷ್ಟು ಘನ ಮೀಟರ್ ಮಣ್ಣಿಗೆ ಇಷ್ಟು ಹಣ ಎಂದು ಬರೆಯುತ್ತಾರೆ. ಅದನ್ನು ಪಟ್ಟಿಯಲ್ಲಿರುವವರಿಗೆ ಹಂಚುತ್ತಾರೆ. ನಾವು ಕೈಗೆತ್ತಿಕೊಂಡ 2024-25ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ. 20 ಜನ ತಮ್ಮ ಪಾಲಿನ ಮಣ್ಣನ್ನು ಪೂರ್ತಿ ಅಗೆದರೆ ದಿನಕ್ಕೆ 6,980 ರೂಪಾಯಿಯ ಕೆಲಸವಾಗುತ್ತದೆ. ಪಟ್ಟಿಯಲ್ಲಿ ಕೆಲಸಕ್ಕೆ ಬಾರದ ಐವರ ಹೆಸರು ಸೇರಿದ್ದರೆ ಅದೇ ಹಣ 25 ಪಾಲಾಗಿ ಒಬ್ಬರಿಗೆ 279 ರೂಪಾಯಿ ಬರುತ್ತದೆ. ಗುದ್ದಲಿ ಹಿಡಿದವಳಿಗೆ ದಿನಕ್ಕೆ 70, ಆರು ದಿನದ ವಾರಕ್ಕೆ ಸುಮಾರು 420 ರೂಪಾಯಿ ಕೊರತೆ. ನೀವು ಸರಿಯಾಗಿ ಅಗೆದಿಲ್ಲ, ಅಳತೆ ಕಡಿಮೆ ಬಂದಿದೆ ಎಂಬ ಬೈಗುಳವೂ ಅವಳಿಗೇ.

ಈ ಲೆಕ್ಕವನ್ನು ಶಾಲೆಯ ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಒಬ್ಬ ಹಿರಿಯ ತಾಯಿ, "ಹಾಗಾದರೆ ನಾವು ಅಗೆದದ್ದು ಸರಿ ಇತ್ತಲ್ಲ ಯವ್ವಾ" ಎಂದರು. ಹೋದ ಹಣಕ್ಕಿಂತ ಆ ಬೈಗುಳ ಅವರನ್ನು ಹೆಚ್ಚು ನೋಯಿಸಿತ್ತು. ಅಲ್ಲಿಂದ ಮುಂದೆ ಯಾರನ್ನೂ ಮಾತನಾಡಿ ಎಂದು ಹುರಿದುಂಬಿಸಬೇಕಾಗಲಿಲ್ಲ.

ಗ್ರಾಮಸಭೆಯ ಜಾಗ ಮತ್ತು ಹೊತ್ತು ಸಣ್ಣ ವಿಷಯಗಳಂತೆ ಕಾಣುತ್ತವೆ. ಗುಡಿಯ ಪ್ರಾಂಗಣದಲ್ಲಿ ಬೆಳಗ್ಗೆ 11ಕ್ಕೆ ಸಭೆ ಕರೆದರೆ ಕೇರಿಯವರು ಕಟ್ಟೆಯ ಕೆಳಗೆ ದೂರ ನಿಲ್ಲುತ್ತಾರೆ, ಹತ್ತಿ ಬಿಡಿಸಲು ಹೋದ ಹೆಂಗಸರು ಬರುವುದೇ ಇಲ್ಲ. ಶಾಲೆಯ ಬಯಲಿನಲ್ಲಿ, ಎಲ್ಲರೂ ನೆಲದ ಮೇಲೆ ಕೂರುವಂತೆ, ಇಳಿಹೊತ್ತಿಗೆ ಸಭೆ ಇಡಿ ಎಂದು ಸಂಯೋಜಕರಲ್ಲಿ ಒತ್ತಾಯ ಮಾಡಿದೆವು. ಡಂಗುರ ತಾಂಡಾದವರೆಗೂ ಹೋಯಿತೇ ಎಂದು ನಾವೇ ಹೋಗಿ ನೋಡಿದೆವು. ಸಭೆಯಲ್ಲಿ ಎನ್‌ಎಂಆರ್ ಅನ್ನು ಒಂದೊಂದೇ ಹೆಸರಿನಂತೆ ಗಟ್ಟಿಯಾಗಿ ಓದಿದೆವು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ನಡೆಸಿದ ಮೊದಲ ಜನ ಸುನವಾಯಿಯಿಂದ (ಸಾರ್ವಜನಿಕ ಅಹವಾಲು ಸಭೆಯಿಂದ) ಬಂದ ಪದ್ಧತಿ ಇದು. ಇದಕ್ಕಿಂತ ಉತ್ತಮವಾದ ತನಿಖಾ ವಿಧಾನವನ್ನು ನಾನು ಕಂಡಿಲ್ಲ. ಕಾಗದದಲ್ಲಿ ಮುಚ್ಚಿಟ್ಟದ್ದು ಹೆಸರು ಕೇಳಿದ ಕೂಡಲೇ ಹೊರಬರುತ್ತದೆ: ಆತ ತೀರಿಕೊಂಡು ಎರಡು ಮಳೆಗಾಲವಾಯಿತು, ಆಕೆ ಅಂಗಡಿ ಬಿಟ್ಟು ಕದಲುವವಳಲ್ಲ, ಇವನು ಬೆಂಗಳೂರಿನಲ್ಲಿದ್ದಾನೆ.

ಮಾತನಾಡಿದವರಿಗೆ ಮುಂದಿನ ಹಂಗಾಮಿನಲ್ಲಿ ಕೆಲಸ ಸಿಗದಿರಬಹುದು ಎಂಬ ಭಯ ಸುಳ್ಳಲ್ಲ. ಅದಕ್ಕಾಗಿ ಹೇಳಿಕೆಗಳನ್ನು ಒಬ್ಬೊಬ್ಬರ ಹೆಸರಿನಲ್ಲಿ ಬರೆಯದೆ ಕೂಲಿ ಗುಂಪಿನ ಹೆಸರಿನಲ್ಲಿ ಬರೆದೆವು, ಓದುವ ಕೆಲಸವನ್ನು ತಂಡದವರೇ ಮಾಡಿದರು. ಸಭೆಗೆ ಬರುವಾಗಲೇ ಕೇರಿಯವರು ಮತ್ತು ತಾಂಡಾದವರು ನಮೂನೆ 6 ತುಂಬಿ ತಂದಿದ್ದರು. ನೋಡಲ್ ಅಧಿಕಾರಿಯ ಎದುರಿನಲ್ಲೇ ಅವನ್ನು ಕೊಟ್ಟು ದಿನಾಂಕದ ರಸೀದಿ ಪಡೆದರು. ಆ ಸಂಜೆಯ ಅತಿ ದೊಡ್ಡ ಗಳಿಕೆ ನನ್ನ ಲೆಕ್ಕದಲ್ಲಿ ಅದೇ.

ವರದಿ ಬರೆಯುವಾಗ ಬೇರೊಂದು ಗೋಡೆ ಎದುರಾಯಿತು. ಪರಿಶೋಧನೆಯ ಆಕ್ಷೇಪಣೆಗಳನ್ನು ಹಣ ದುರುಪಯೋಗ, ಹಣಕಾಸಿನ ನಿಯಮ ಮೀರಿದ್ದು, ಕ್ರಮದ ಉಲ್ಲಂಘನೆ, ಕುಂದುಕೊರತೆ ಎಂದು ನಾಲ್ಕು ಬಗೆಯಲ್ಲಿ ದಾಖಲಿಸುತ್ತಾರೆ. ಕೆಲಸ ನಿರಾಕರಿಸಿದ್ದು ಬೀಳುವುದು ಕೊನೆಯದರಲ್ಲಿ, ಅದರ ಮುಂದೆ ರೂಪಾಯಿಯ ಅಂಕಿ ಇರುವುದಿಲ್ಲ. ಅಂಕಿ ಇಲ್ಲದ ಆಕ್ಷೇಪಣೆಗೆ ವಸೂಲಾತಿ ಇಲ್ಲ, ಅನುಪಾಲನಾ ವರದಿಯಲ್ಲಿ "ಸೂಚನೆ ನೀಡಲಾಗಿದೆ" ಎಂಬ ಒಂದು ಸಾಲಿಗೆ ಅದು ಮುಗಿಯುತ್ತದೆ. ಆದ್ದರಿಂದ ನಾನು ಬಿಟ್ಟುಹೋದ ಪ್ರತಿ ಕುಟುಂಬದ ಎದುರಿಗೂ ಎರಡು ಅಂಕಿಗಳನ್ನು ಬರೆದೆ. ಒಂದು, 30 ದಿನಕ್ಕೆ ಕನಿಷ್ಠ ಬರಬೇಕಿದ್ದ ಭತ್ಯೆ, ದಿನಕ್ಕೆ 87 ರೂಪಾಯಿ 25 ಪೈಸೆಯಂತೆ 2,617 ರೂಪಾಯಿ 50 ಪೈಸೆ. ಇನ್ನೊಂದು, ಅದೇ 30 ದಿನ ಕೆಲಸ ಸಿಕ್ಕಿದ್ದರೆ ಬರುತ್ತಿದ್ದ ಕೂಲಿ, 10,470 ರೂಪಾಯಿ. ಒಟ್ಟು ಮಾಡಿದಾಗ, ಕಳ್ಳ ಹೆಸರುಗಳ ಮೂಲಕ ಹೋದ ಹಣಕ್ಕಿಂತ ಕೆಲಸ ಕೊಡದೆ ತಪ್ಪಿಸಿದ ಹಣವೇ ಬಹಳ ದೊಡ್ಡದಾಗಿತ್ತು. ಈ ಅಂಕಣ ನಮೂನೆಯಲ್ಲಿ ಇಲ್ಲ ಎಂದು ಕಚೇರಿಯಲ್ಲಿ ತಕರಾರು ಬಂತು. ಅನುಬಂಧವಾಗಿ ಸೇರಿಸಿದೆವು.

ಸಾಮಗ್ರಿಯ ಬಿಲ್ಲುಗಳ ಬಗ್ಗೆಯೂ ಒಂದು ಮಾತು. ಆಂಧ್ರಪ್ರದೇಶದ ಸಾಮಾಜಿಕ ಪರಿಶೋಧನೆಗಳನ್ನು ಅಧ್ಯಯನ ಮಾಡಿದ ಫರ್ಜಾನಾ ಅಫ್ರಿದಿ ಮತ್ತು ವೇಗಾರ್ಡ್ ಐವರ್ಸನ್, ಪರಿಶೋಧನೆ ಮರಳಿ ಮರಳಿ ನಡೆದಂತೆ ಸುಲಭವಾಗಿ ಸಿಕ್ಕಿಬೀಳುವ ಕೂಲಿಯ ಅಕ್ರಮ ತಗ್ಗಿ, ಹಿಡಿಯಲು ಕಷ್ಟವಾದ ಸಾಮಗ್ರಿಯ ಅಕ್ರಮ ಹೆಚ್ಚಿದ್ದನ್ನು ಗುರುತಿಸಿದ್ದಾರೆ. ಅದನ್ನು ಓದಿದ್ದರಿಂದ ಚರಂಡಿ ಮತ್ತು ಸಿಸಿ ರಸ್ತೆಯ ಬಿಲ್ಲುಗಳನ್ನು ಮೊದಲೇ ಬೇರೆ ಎತ್ತಿಟ್ಟುಕೊಂಡಿದ್ದೆ. ಎಷ್ಟು ಟ್ರ್ಯಾಕ್ಟರ್ ಮರಳು, ಎಷ್ಟು ಜಲ್ಲಿ ಬಂತು ಎಂಬುದು ಚರಂಡಿಯ ಎದುರು ಮನೆಯವರಿಗೆ ಗೊತ್ತಿರುತ್ತದೆ. ಬಾಗಿಲಿಗೆ ಅಡ್ಡವಾಗಿ ಸುರಿದ ಲೋಡನ್ನು ಯಾರೂ ಮರೆಯುವುದಿಲ್ಲ. ಎಂಜಿನಿಯರಿಂಗ್ ಓದದ ಸಂಶೋಧಕರಿಗೆ ಇದೊಂದು ನಂಬಬಹುದಾದ ಆರಂಭ.

ಆರ್ಥಿಕ ಬೆಳವಣಿಗೆಗೂ ಇದಕ್ಕೂ ಏನು ಸಂಬಂಧ ಎಂದು ನೀತಿ ಚರ್ಚೆಗಳಲ್ಲಿ ಕೇಳುತ್ತಾರೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿಗೆ ಅನುದಾನ ಹೆಚ್ಚಿದೆ, ಕಟ್ಟಡಗಳು ಎದ್ದಿವೆ. ಆದರೆ ಒಂದು ತಾಲ್ಲೂಕಿನ ಸಂತೆಯಲ್ಲಿ ವ್ಯಾಪಾರ ಹೆಚ್ಚಬೇಕಾದರೆ ಕೂಲಿಕಾರರ ಕೈಯಲ್ಲಿ ಸಕಾಲಕ್ಕೆ ಹಣ ಇರಬೇಕು. ಆಂಧ್ರದಲ್ಲಿ ಬಯೋಮೆಟ್ರಿಕ್ ಸ್ಮಾರ್ಟ್‌ಕಾರ್ಡ್ ಮೂಲಕ ಈ ಯೋಜನೆಯ ಕೂಲಿ ಪಾವತಿ ಸುಧಾರಿಸಿದಾಗ ಬಡ ಕುಟುಂಬಗಳ ಆದಾಯ ಏರಿತು, ಆ ಏರಿಕೆಯ ಬಹುಪಾಲು ಯೋಜನೆಯ ಕೂಲಿಯಿಂದ ಬರದೆ ಹೊರಗಿನ ಕೂಲಿ ಮಾರುಕಟ್ಟೆಯಿಂದ ಬಂತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ನನ್ನ ಊರುಗಳಲ್ಲಿ ಅದರ ಎಳೆ ಕಂಡಿದೆ. ಬೇಸಿಗೆಯುದ್ದಕ್ಕೂ ಬದು, ಕೃಷಿ ಹೊಂಡದ ಕೆಲಸ ತಪ್ಪದೆ ನಡೆದ ಕಡೆ, ಕಳೆ ತೆಗೆಯಲು ಕರೆದಾಗ ಹೆಂಗಸರು ಕೂಲಿ ಇಷ್ಟೇ ಇರಲಿ ಎಂದು ತಾವೇ ಹೇಳುತ್ತಿದ್ದರು. ಬಿತ್ತನೆಯ ಹೊತ್ತಿಗೆ ಪಂಚಾಯಿತಿ ಕೆಲಸ ತೆರೆಯಬೇಡಿ ಎಂದು ದೊಡ್ಡ ಹಿಡುವಳಿದಾರರು ಒತ್ತಡ ಹಾಕುವುದು ಇದೇ ಕಾರಣಕ್ಕೆ. ರಸೀದಿ ಸಿಗದಿರುವುದಕ್ಕೂ ಆ ಒತ್ತಡಕ್ಕೂ ಇರುವ ನಂಟನ್ನು ಅಂಕಿಅಂಶದಲ್ಲಿ ಹುಡುಕಿದರೆ ಸಿಗದು, ಸಂಜೆ ಹೋಟೆಲಿನ ಮುಂದೆ ಕುಳಿತರೆ ಸಿಗುತ್ತದೆ.

ಕೆಲವು ತಿಂಗಳ ನಂತರ ಅದೇ ಊರುಗಳಿಗೆ ಮತ್ತೆ ಹೋದೆ. ಪಟ್ಟಿಯಿಂದ ಕಳ್ಳ ಹೆಸರುಗಳು ಬಿಟ್ಟುಹೋಗಿದ್ದವು, ಗುಂಪಿಗೆ ಪೂರ್ತಿ ಕೂಲಿ ಬರುತ್ತಿತ್ತು. ವಸೂಲಾತಿ ಆದೇಶದ ಹಣ ಇನ್ನೂ ಜಮಾ ಆಗಿರಲಿಲ್ಲ. ತಾಂಡಾದವರಿಗೆ ಕೆಲಸ ಸಿಕ್ಕಿತ್ತು, ಆದರೆ ಕಂಪ್ಯೂಟರಿನಲ್ಲಿ ಅವರ ಅರ್ಜಿಯ ದಿನಾಂಕ ರಸೀದಿಯ ದಿನಾಂಕಕ್ಕಿಂತ ಮೂರು ವಾರ ಈಚಿನದಾಗಿತ್ತು. ಕೈಯಲ್ಲಿ ರಸೀದಿ ಇದ್ದುದರಿಂದ ಈ ಬಾರಿ ಅದನ್ನು ತೋರಿಸಲು ಸಾಧ್ಯವಾಯಿತು, ಭತ್ಯೆಗೆ ಅರ್ಜಿ ಬರೆದುಕೊಟ್ಟೆವು. ಈಗ ಅಲ್ಲಿನ ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿ ಉಳಿತಾಯದ ಪುಸ್ತಕದ ಹಿಂಬದಿಯಲ್ಲಿ ಯಾರು ಯಾವ ದಿನ ನಮೂನೆ 6 ಕೊಟ್ಟರು, ಯಾವ ದಿನ ಕೆಲಸ ಆರಂಭವಾಯಿತು ಎಂದು ಬರೆದಿಡುತ್ತಾರೆ. ಸರ್ಕಾರಿ ಜಾಲತಾಣದ ಬೇಡಿಕೆಯ ಅಂಕಣವನ್ನು ಬಳಸುವ ಮುನ್ನ ನಾನು ಮೊದಲು ಕೇಳಿ ನೋಡುವುದು ಆ ಪುಸ್ತಕವನ್ನು.