ಬೇರೆ ಟಿಸಿಯ ಪಂಪ್ ಶೆಡ್ಡನ್ನು ಮನೆಯ ಆಟೊಮೇಷನ್‌ಗೆ ಸೇರಿಸಿದ್ದು

ಶಿರಸಿ ಸೀಮೆಯ ನಮ್ಮ ಮನೆಯ ದೀಪ, ಫ್ಯಾನ್ ಮತ್ತು ನೀರಿನ ಟ್ಯಾಂಕುಗಳನ್ನು, ಮನೆಯ ಸಾಧನಗಳನ್ನು ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ಗೆ ಒಪ್ಪಿಸಿ ಎರಡು ವರ್ಷಗಳಾದ ಮೇಲೆ, ಅಂಗಳದಿಂದ ಸುಮಾರು 80 ಮೀಟರ್ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ಪಂಪ್ ಶೆಡ್ಡನ್ನೂ ಅದಕ್ಕೆ ಸೇರಿಸಲು ಹೊರಟೆ. ಶೆಡ್ಡಿನಲ್ಲಿರುವುದು 5 ಎಚ್‌ಪಿಯ ತ್ರೀ ಫೇಸ್ ಮೋಟಾರು, ಮೋಟಾರನ್ನು ನೇರವಾಗಿ ಲೈನಿಗೆ ಸೇರಿಸುವ ಒಂದು ಡಿಒಎಲ್ ಸ್ಟಾರ್ಟರ್, ಅಷ್ಟೆ. ತೊಡಕು ಇದ್ದದ್ದು ಕರೆಂಟಿನಲ್ಲಿ. ಮನೆಯ ಲೈನು ಒಂದು ಟಿಸಿಯದು (ವಿದ್ಯುತ್ ಟ್ರಾನ್ಸ್‌ಫಾರ್ಮರಿನದು), ಶೆಡ್ಡಿನ ನೀರಾವರಿ ಸಂಪರ್ಕ ಇನ್ನೊಂದರದು; ಅದರಲ್ಲಿ ತ್ರೀ ಫೇಸ್ ಸಿಗುವುದು ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 7 ಗಂಟೆ. ವೈರಿಂಗ್ ಮೂಲಕವೇ ಸಂಕೇತ ಕಳಿಸುವ ಪವರ್‌ಲೈನ್ ಅಡಾಪ್ಟರುಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಆ ಸಂಕೇತ ಟಿಸಿಯನ್ನು ದಾಟುವುದಿಲ್ಲ. ವೈಫೈ ಮರಗಳ ನಡುವೆಯೇ ಸೊರಗುತ್ತಿತ್ತು.

ಈಥರ್ನೆಟ್ 100 ಮೀಟರ್‌ವರೆಗೆ ನಡೆಯುತ್ತದೆ ಎಂಬ ಒಂದೇ ಲೆಕ್ಕವನ್ನು ಹಿಡಿದು ನಾನು ಮೊದಲು ತಾಮ್ರದ ಕ್ಯಾಟ್ 6 ಕೇಬಲನ್ನು ಪಿವಿಸಿ ಪೈಪಿನೊಳಗೆ ಹೂತೆ. ಮೇ ತಿಂಗಳ ಒಂದು ಸಂಜೆ ಗುಡ್ಡದಾಚೆ ಎಲ್ಲೋ ಸಿಡಿಲು ಬಿದ್ದಾಗ ಮನೆಯ ನೆಟ್‌ವರ್ಕ್ ಸ್ವಿಚ್ಚಿನ ಒಂದು ಪೋರ್ಟೂ ಶೆಡ್ಡಿನ ನಿಯಂತ್ರಣ ಬೋರ್ಡೂ ಒಟ್ಟಿಗೇ ಸುಟ್ಟವು. ಮನೆಗೂ ಶೆಡ್ಡಿಗೂ ಅರ್ಥಿಂಗ್ ಬೇರೆ ಬೇರೆ. ಸಿಡಿಲಿನ ಹೊತ್ತಿಗೆ ಆ ಎರಡರ ನಡುವೆ ಕ್ಷಣಮಾತ್ರ ಭಾರೀ ವೋಲ್ಟೇಜ್ ವ್ಯತ್ಯಾಸ ಏಳುತ್ತದೆ, ಮತ್ತು ಅದು ಹರಿಯಲು ಬೇಕಾದ ತಂತಿಯನ್ನು ನಾನೇ ಕೈಯಾರೆ ಎಳೆದುಕೊಟ್ಟಿದ್ದೆ.

ಅದೇ ಪೈಪಿನಲ್ಲಿ ಆಮೇಲೆ, ಬೆಳಕಿನಲ್ಲಿ ಸಂಕೇತ ಒಯ್ಯುವ, ಕರೆಂಟು ಹರಿಯದ ಫೈಬರ್ ಎಳೆಸಿದೆ. ಇಲ್ಲೊಂದು ಸೂಕ್ಷ್ಮವಿದೆ: ಕೇಬಲ್ ಟಿವಿಯವರು ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲ್‌ಗಳಲ್ಲಿ ಎಷ್ಟೋ ಸಲ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನೇ ತಂದಿದ್ದರೆ ತಾಮ್ರವನ್ನು ತೆಗೆದು ಉಕ್ಕನ್ನು ಹಾಕಿದಂತಾಗುತ್ತಿತ್ತು. ತುದಿಯನ್ನು ಸೀಳಿ ನೋಡಿ, ಒಳಗಿರುವುದು ಗಾಜುನಾರಿನ ಕಡ್ಡಿ ಎಂದು ಖಚಿತವಾದ ಮೇಲೆಯೇ ಕೊಂಡೆ. ಬೆಳಕಿನ ಸಂಕೇತವನ್ನೂ ಈಥರ್ನೆಟ್ಟನ್ನೂ ಒಂದಕ್ಕೊಂದು ಬದಲಿಸಲು ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಸಾಕಾಯಿತು.

ತ್ರೀ ಫೇಸ್ ಇಲ್ಲದ ಹೊತ್ತಿನಲ್ಲೂ ಶೆಡ್ಡಿನ ಬೋರ್ಡು ಎಚ್ಚರವಾಗಿರಬೇಕು. ಕನ್ವರ್ಟರ್ ಮತ್ತು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಸೇರಿ ಸುಮಾರು 3 ವಾಟ್, ಅಂದರೆ ದಿನಕ್ಕೆ 72 ವಾಟ್-ಅವರ್ ಬೇಡುವುದರಿಂದ 40 ವಾಟಿನ ಸೋಲಾರ್ ಪ್ಯಾನೆಲ್ಲನ್ನೂ 12 ವೋಲ್ಟ್, 18 ಆಂಪಿಯರ್-ಅವರ್ ಬ್ಯಾಟರಿಯನ್ನೂ ಇಟ್ಟೆ. ಮಳೆಗಾಲದಲ್ಲಿ ಇದು ಸಾಲದು. ಆದರೆ ಆಗ ತೋಟಕ್ಕೆ ನೀರು ಹಾಯಿಸುವ ಪ್ರಮೇಯವೇ ಇಲ್ಲ.

ಹೆಚ್ಚು ಸಮಯ ಹಿಡಿದದ್ದು ಸ್ಟಾರ್ಟರ್. ಅದರ ಒಳಗಿನ ಸ್ವಿಚ್ಚನ್ನು ಎಳೆದು ಹಿಡಿಯುವ ಕಾಯಿಲ್ ನಡೆಯುವುದು 415 ವೋಲ್ಟಿನಲ್ಲಿ, ಬೋರ್ಡಿನ ಜೊತೆ ಸಿಗುವ ನೀಲಿ ರಿಲೇಯ ಮೈಮೇಲೆ ಬರೆದಿರುವುದು 250. ಆದ್ದರಿಂದ ರಿಲೇ 12 ವೋಲ್ಟಿನ ಸಣ್ಣ ಕಾಂಟಾಕ್ಟರುಗಳನ್ನು (ಹೆಚ್ಚು ವೋಲ್ಟೇಜ್ ತಾಳುವ ವಿದ್ಯುತ್ ಸ್ವಿಚ್ಚುಗಳನ್ನು) ಮಾತ್ರ ಎಳೆಯುತ್ತದೆ, ಅವು ಸ್ಟಾರ್ಟರನ್ನು ನಡೆಸುತ್ತವೆ. ಒಂದರ ಸಂಪರ್ಕ ಹಸಿರು ಬಟನ್ನಿಗೆ ಸಮಾನಾಂತರವಾಗಿದೆ; ಇನ್ನೊಂದರದು ಕೆಂಪು ಬಟನ್ನಿನೊಂದಿಗೆ ಸರಣಿಯಲ್ಲಿದ್ದು, ಬೋರ್ಡು ಸರಿಯಿರುವಷ್ಟು ಹೊತ್ತು ಮಾತ್ರ ಕೂಡಿರುತ್ತದೆ. ಬೋರ್ಡು ಕೆಟ್ಟರೆ ಮೋಟಾರು ನಿಲ್ಲುತ್ತದೆ, ಮತ್ತು ಪಕ್ಕದ ಸೆಲೆಕ್ಟರ್ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಿದರೆ ಎಲ್ಲವೂ ಹಳೆಯಂತೆ ಕೈಯಿಂದ ನಡೆಯುತ್ತದೆ. 415 ವೋಲ್ಟಿನ ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿದೆ.

ಮನೆಯಿಂದ ಹೋಗುವ ಆಜ್ಞೆಯನ್ನು ನಾನು ಬರಿಯ ಕೋರಿಕೆಯಾಗಿ ಇಟ್ಟಿದ್ದೇನೆ. ಮೂರೂ ಫೇಸ್ ಇವೆಯೇ ಎಂದು ನೋಡುವುದು, ಕರೆಂಟು ಬಂದ ಮೇಲೆ 3 ನಿಮಿಷ ಕಾಯುವುದು, ಬಾವಿ ಬತ್ತಿ ಆಂಪಿಯರ್ ಇಳಿದರೆ ನಿಲ್ಲಿಸುವುದು, ಎಷ್ಟೇ ಆದರೂ 2 ಗಂಟೆ ಓಡಿದ ಮೇಲೆ ಆರಿಸುವುದು, ಇವೆಲ್ಲ ಶೆಡ್ಡಿನ ಬೋರ್ಡಿನದೇ ತೀರ್ಮಾನ. ನಡುವೆ ಫೈಬರನ್ನು ಹೆಗ್ಗಣ ಕಡಿದರೂ ಅದು ಬದಲಾಗುವುದಿಲ್ಲ. ಫೋನಿನಲ್ಲಿ ‘ಚಾಲೂ’ ಎಂದು ಕಾಣುವುದೂ ನಾನು ಒತ್ತಿದ್ದರಿಂದಲ್ಲ, ಮೋಟಾರಿನ ವೈರಿಗೆ ಸುತ್ತಿದ, ಕರೆಂಟು ಅಳೆಯುವ ಸಿಟಿ ಕಾಯಿಲಿಗೆ ಕರೆಂಟು ಹರಿಯುವುದು ತಿಳಿದ ಮೇಲೆ. ಅಪ್ಪಯ್ಯ ಈಗಲೂ ಬೆಳಿಗ್ಗೆ ತಾವೇ ಇಳಿದು ಹೋಗಿ ಹಸಿರು ಬಟನ್ ಒತ್ತುತ್ತಾರೆ; ಅವರು ಶೆಡ್ಡು ತಲುಪಿದ ಸುದ್ದಿ ನನಗೆ ಸಿಗುವುದು ಆ ಸಿಟಿಯಿಂದಲೇ.