ಫೋನ್ ಇಟ್ಟು ನಾವೇ ತಿರುಗಿ ಕರೆ ಮಾಡುವುದು: ವಂಚನೆಯ ಕರೆಗಳ ಬಗ್ಗೆ ನನ್ನ ಅನುಭವ

ಬ್ಯಾಂಕ್ ಶಾಖೆಯಲ್ಲಿ ಪಿಂಚಣಿದಾರರ ಖಾತೆಗಳನ್ನು ನೋಡಿಕೊಂಡು ಬಂದ ನಾನು ವಂಚನೆಯ ಕರೆಗಳ ಬಗ್ಗೆ ಹಿರಿಯರಿಗೆ ಮೊದಲು ಹೇಳುವ ಮಾತು ಒಂದೇ. ಕರೆ ಮಾಡಿದವರು ನಿಜವಾಗಿ ಯಾರು ಎಂದು ಪರೀಕ್ಷಿಸಲು ಹೋಗಬೇಡಿ, ಅವರು ನಿಮ್ಮ ಕೈಯಿಂದ ಏನು ಮಾಡಿಸಲು ನೋಡುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಿ. ಹೆಸರು, ಹುದ್ದೆ, ಗುರುತಿನ ಚೀಟಿಯ ಫೋಟೊ, ವಾಟ್ಸಾಪ್ ಡಿಪಿಯಲ್ಲಿ ಪೊಲೀಸ್ ಲಾಂಛನ ಇವನ್ನೆಲ್ಲ ಅವರು ಮೊದಲೇ ಸಿದ್ಧಮಾಡಿಕೊಂಡಿರುತ್ತಾರೆ. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಕಂಡಿತು ಎಂದು ನಂಬುವವರೂ ಇದ್ದಾರೆ. ಅಲ್ಲಿ ಯಾರು ಬೇಕಾದರೂ ಬೇರೆ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು.

ನಮ್ಮ ತಾಯಿಗೆ ಒಮ್ಮೆ ನವೆಂಬರ್‌ನಲ್ಲಿ, ಅಂದರೆ ಜೀವಿತ ಪ್ರಮಾಣಪತ್ರ ಸಲ್ಲಿಸುವ ತಿಂಗಳಲ್ಲಿಯೇ, ಇಂಥ ಕರೆ ಬಂತು. ಪಿಂಚಣಿ ಕಚೇರಿಯಿಂದ ಮಾತನಾಡುತ್ತಿದ್ದೇನೆ ಎಂದವನು ನಮ್ಮ ತಂದೆಯ ಹೆಸರು, ಅವರು ನಿವೃತ್ತರಾದ ದಿನಾಂಕ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಎಲ್ಲವನ್ನೂ ತಪ್ಪಿಲ್ಲದೆ ಓದಿ ಹೇಳಿದ. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಅವನ ಗುರುತನ್ನು ಕೇಳದೆ, "ಆಯ್ತು, ನಾಳೆ ಬ್ಯಾಂಕಿಗೇ ಬಂದು ಕೊಡ್ತೀವಿ" ಎಂದೆ. "ಅಷ್ಟು ಟೈಮ್ ಇಲ್ಲ ಮೇಡಂ, ಇವತ್ತು ಅಪ್‌ಡೇಟ್ ಆಗದಿದ್ರೆ ಪೆನ್ಷನ್ ನಿಂತುಹೋಗುತ್ತೆ. ಈಗೊಂದು ಒಟಿಪಿ ಬರುತ್ತೆ, ಅದನ್ನ ಹೇಳಿಬಿಡಿ" ಎಂದ. ಅಷ್ಟರಲ್ಲಿ ಸಂದೇಶ ಬಂದೇಬಿಟ್ಟಿತು. ಪೂರ್ತಿ ಓದಿದರೆ ಅದರಲ್ಲಿ ಪಿಂಚಣಿಯ ಮಾತೇ ಇಲ್ಲ. ಹೊಸ ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ನೋಂದಾಯಿಸಲು ಈ ಸಂಖ್ಯೆ, ಯಾರಿಗೂ ಹೇಳಬೇಡಿ ಎಂದು ಬರೆದಿತ್ತು. ನಾನು ಕರೆ ಕಡಿದು, ಅಮ್ಮನ ಎದುರಿಗೇ ಶಾಖೆಗೆ ಫೋನ್ ಮಾಡಿ ವಿಚಾರಿಸಿದೆ. ಪ್ರಮಾಣಪತ್ರ ಆಗಲೇ ಸಲ್ಲಿಕೆಯಾಗಿತ್ತು.

ನಮ್ಮ ವಿವರಗಳು ಅವರಿಗೆ ಗೊತ್ತಿರುವುದು ಅವರು ಅಧಿಕಾರಿಗಳು ಎಂಬುದಕ್ಕೆ ಸಾಕ್ಷಿಯಲ್ಲ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಜೆರಾಕ್ಸ್‌ಗಳನ್ನು ನಾವು ಎಷ್ಟೋ ಅಂಗಡಿ, ಕಚೇರಿಗಳಲ್ಲಿ ಕೊಟ್ಟು ಬಂದಿರುತ್ತೇವೆ. ನಾನು ನೆಚ್ಚಿಕೊಂಡಿರುವ ಪರೀಕ್ಷೆ ಸಮಯ ಕೇಳುವುದು. ನಾಳೆ ಬರುತ್ತೇನೆ, ಮಗನನ್ನು ಕೇಳಿ ಹೇಳುತ್ತೇನೆ ಎಂದರೆ ನಿಜವಾದ ಕಚೇರಿಗೆ ಏನೂ ನಷ್ಟವಿಲ್ಲ, ಆದರೆ ವಂಚಕನಿಗೆ ಆ ಒಂದು ರಾತ್ರಿಯನ್ನು ಬಿಟ್ಟುಕೊಡಲು ಆಗುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್ ಮಾಡುತ್ತೇವೆ ಎಂಬ ಬೆದರಿಕೆಯಲ್ಲಿಯೂ, ಗೃಹಲಕ್ಷ್ಮಿಯ 2000 ರೂಪಾಯಿ ನಿಂತಿದೆ ಎಂಬ ಆಮಿಷದಲ್ಲಿಯೂ ಇದೇ ಆತುರ ಇರುತ್ತದೆ.

"ಡಿಜಿಟಲ್ ಅರೆಸ್ಟ್" ಎಂಬ ವಂಚನೆಯಂತೂ ಪೂರ್ತಿಯಾಗಿ ಫೋನ್ ಇಡಗೊಡದಿರುವುದರ ಮೇಲೆಯೇ ನಿಂತಿದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಶುರುಮಾಡಿ, ವಿಡಿಯೊ ಕರೆಯಲ್ಲಿ ಸಿಬಿಐ ಅಧಿಕಾರಿಯ ವೇಷದವನನ್ನು ತೋರಿಸಿ, ಮನೆಯವರಿಗೂ ಹೇಳಬಾರದು ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಇಂಥ ಬಂಧನವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಮಂತ್ರಿಯವರೇ ಇದನ್ನು ಹೇಳಿದ್ದರು. ಹಾಗಿದ್ದರೂ ಓದಿದವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು ಕೂಡ ಸಿಕ್ಕಿಬೀಳುತ್ತಾರೆ, ಏಕೆಂದರೆ ಹೆದರಿದ ಮನಸ್ಸಿಗೆ ಇನ್ನೊಬ್ಬರ ಒಂದು ಮಾತು ಬೇಕಾಗುತ್ತದೆ ಮತ್ತು ಆ ಮಾತು ಕಿವಿಗೆ ಬೀಳದಂತೆ ಅವರು ನೋಡಿಕೊಳ್ಳುತ್ತಾರೆ.

ಫೋನ್ ಇಡುವುದು ನಮ್ಮ ಹಿರಿಯರಿಗೆ ಸುಲಭವಲ್ಲ. ಎದುರಿನವರು ಮಾತನಾಡುತ್ತಿರುವಾಗ ಮಧ್ಯದಲ್ಲಿ ಕಡಿಯುವುದು ಅವರಿಗೆ ಮರ್ಯಾದೆಗೆಟ್ಟ ನಡವಳಿಕೆಯಾಗಿ ಕಾಣುತ್ತದೆ. ಅದಕ್ಕಾಗಿ ಅಮ್ಮನಿಗೆ ಒಂದು ಮಾತನ್ನು ರೂಢಿ ಮಾಡಿಸಿದೆ: "ಮಗಳನ್ನ ಕೇಳಿ ಹೇಳ್ತೀನಪ್ಪ, ಇಡ್ತೀನಿ." ನಾನೇ ಬೇರೆ ನಂಬರಿನಿಂದ ಕರೆ ಮಾಡಿ, ಗದರಿಸಿ, ಬೇಡಿಕೊಂಡು, ಅವರು ಅಷ್ಟನ್ನೇ ಹೇಳಿ ಫೋನ್ ಇಡುವವರೆಗೆ ಅಭ್ಯಾಸ ಮಾಡಿಸಿದೆ. ಶಾಖೆಯ ನಂಬರು, ವಿದ್ಯುತ್ ದೂರಿನ 1912, ಸೈಬರ್ ಸಹಾಯವಾಣಿ 1930 ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದು ಬೇಡವೆಂದೇ ಈ ಏರ್ಪಾಡು, ಏಕೆಂದರೆ ಅಲ್ಲಿಯೂ ನಕಲಿ ನಂಬರುಗಳು ಕುಳಿತಿರುತ್ತವೆ. ಯುಪಿಐಗೆ ಬೇರೆ ಖಾತೆ ಮಾಡಿಸಿ, ಅದರಲ್ಲಿ ತಿಂಗಳ ಖರ್ಚಿನಷ್ಟನ್ನು ಮಾತ್ರ ಇಡುತ್ತೇವೆ. ಹಣ ನಮಗೆ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದನ್ನೂ, ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಹಾಕಿಸುವ ಫೈಲನ್ನು, ಮುಟ್ಟಬಾರದು ಎಂಬುದನ್ನೂ ಹೇಳಿಕೊಟ್ಟಿದ್ದೇನೆ.

ಹಣ ಹೋದ ಮೇಲೆ ಜನ ನಾಚಿಕೆಯಿಂದ ಸುಮ್ಮನಿರುವುದನ್ನು ಕೌಂಟರಿನಲ್ಲಿ ಕಂಡು ಬಹಳ ನೊಂದಿದ್ದೇನೆ. 1930ಕ್ಕೆ ಕೂಡಲೇ ಕರೆ ಮಾಡಿ ವಹಿವಾಟಿನ ಸಂಖ್ಯೆ ಕೊಟ್ಟರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕರೇ ಒಟಿಪಿ ಹೇಳಿಬಿಟ್ಟ ಪ್ರಕರಣದಲ್ಲಿಯೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ಬ್ಯಾಂಕಿಗೂ ಆಗಲೇ ತಿಳಿಸಿ, ದೂರಿನ ಸ್ವೀಕೃತಿ ಪಡೆದು, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಬೇಕು. ಇಷ್ಟಾದ ಮೇಲೆ ಇನ್ನೊಂದು ಕರೆ ಬರಬಹುದು. ಕಳೆದುಹೋದ ಹಣವನ್ನು ವಾಪಸ್ ಕೊಡಿಸುತ್ತೇವೆ, ಅದಕ್ಕೆ ಸ್ವಲ್ಪ ಶುಲ್ಕ ಕಟ್ಟಿ ಎನ್ನುವವರು ಕೂಡ ವಂಚಕರೇ, ಅವರೊಂದಿಗೂ ಮಾತು ಮುಂದುವರಿಸದೆ ಫೋನ್ ಇಟ್ಟು, ದೂರು ಕೊಟ್ಟ ಠಾಣೆಗೆ ತಿಳಿಸಬೇಕು.