ಟೊಮೆಟೊ ಕಾಯಿಯ ಕಹಿಯ ಬೆನ್ನು ಹತ್ತಿ

ಟೊಮೆಟೊ ಎಲೆಯನ್ನು ಗಿಡದಿಂದ ಕಿತ್ತ ಕ್ಷಣದಿಂದಲೇ ಅದರೊಳಗಿನ ರಸಾಯನ ಬದಲಾಗತೊಡಗುತ್ತದೆ. ಒಡೆದ ಜೀವಕೋಶಗಳಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಕಡೆ ಇದ್ದ ಕಿಣ್ವಗಳೂ ವಸ್ತುಗಳೂ ಒಂದಾಗುತ್ತವೆ. ಎಲೆಯನ್ನು ಕವರಿಗೆ ಹಾಕಿಕೊಂಡು ಬಸ್ಸು ಹಿಡಿದು ಲ್ಯಾಬಿಗೆ ಬರುವಷ್ಟರಲ್ಲಿ ಕೈಯಲ್ಲಿರುವುದು ತೋಟದ ಎಲೆಯಲ್ಲ, ಗಾಯಗೊಂಡ ಎಲೆ. ಗಿಡ ಏನು ತಯಾರಿಸುತ್ತಿತ್ತು ಎಂದು ತಿಳಿಯಬೇಕಿದ್ದರೆ ಹೊತ್ತನ್ನು ಅಲ್ಲೇ, ಬದುವಿನ ಮೇಲೇ ನಿಲ್ಲಿಸಬೇಕು. ಅದಕ್ಕೆ ಬೇಕಾದದ್ದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ.

ಕೋಲಾರದ ಹಳ್ಳಿಗಳಿಗೆ ಅದರ ಕ್ಯಾನ್ ಹೊಸದಲ್ಲ. ಹಾಲಿನ ಸೀಮೆ ನಮ್ಮದು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ಕಡ್ಡಿಗಳನ್ನು ಇಂಥ ಕ್ಯಾನಿನಲ್ಲೇ ಇಟ್ಟಿರುತ್ತಾರೆ. ಶ್ರೀನಿವಾಸಪುರದ ಕಡೆ ಚಿಕ್ಕಪ್ಪನ ತೋಟಕ್ಕೆ ನಾನು ಕ್ಯಾನ್ ಇಳಿಸಿದಾಗ ಪಕ್ಕದ ಮನೆಯ ಅಜ್ಜಿ ಬಂದು, "ನಮ್ಮ ಹಸಾನೂ ಒಸಿ ನೋಡಮ್ಮ, ಬೆದೆಗೆ ಬಂದೈತೆ" ಅಂದರು. ಟೊಮೆಟೊ ಎಲೆಗೆ ಅಂತ ತಂದಿದ್ದೀನಿ ಅಂದದ್ದಕ್ಕೆ ಅವರು ಹೋಗದೆ ಅಲ್ಲೇ ಕೂತು ಕೊನೆಯವರೆಗೂ ನೋಡಿದರು.

ಗಿಡಗಳೂ ಸೂಕ್ಷ್ಮಜೀವಿಗಳೂ ತಮಗಾಗಿ ತಯಾರಿಸಿಕೊಳ್ಳುವ ವಸ್ತುಗಳ ಮೇಲೆ ಕೆಲಸ ಮಾಡುವವರು ಸಾಮಾನ್ಯವಾಗಿ ಕಾಡಿನ ಅಪರೂಪದ ಬೇರು, ತೊಗಟೆ ಹುಡುಕಿಕೊಂಡು ಹೋಗುತ್ತಾರೆ. ನಾನು ಟೊಮೆಟೊ ಹಿಡಿದೆ. ನಮ್ಮ ಜಿಲ್ಲೆಯ ಸಂಸಾರಗಳು ನಿಂತಿರುವುದು, ಸಾಲಕ್ಕೆ ಬೀಳುವುದು, ಸಾಲದಿಂದ ಏಳುವುದು ಈ ಬೆಳೆಯಿಂದ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಹರಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಬೆಳೆಯುವ ನಾವು ಆ ಗಿಡ ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದನ್ನು ತಿಳಿಯದೆ ಇರುವುದು ಸರಿಯಲ್ಲ ಅನ್ನಿಸಿತ್ತು.

ಗಿಡ ತನ್ನನ್ನು ಕಾಯ್ದುಕೊಳ್ಳುವ ವಸ್ತುಗಳಲ್ಲಿ ದೊಡ್ಡದು ಟೊಮಾಟಿನ್. ಎಳೆ ಕಾಯಿಯ ಕಹಿಯಲ್ಲಿ ಅದರ ಪಾಲು ದೊಡ್ಡದು. ಎಳೆಯ ಹಸಿರು ಕಾಯಿಯಲ್ಲಿ ಒಂದು ಕಿಲೋಗೆ 500 ಮಿಲಿಗ್ರಾಂವರೆಗೂ ಇರಬಹುದು, ಚೆನ್ನಾಗಿ ಕೆಂಪಾದ ಹಣ್ಣಿನಲ್ಲಿ ಉಳಿಯುವುದು 5 ಮಿಲಿಗ್ರಾಂ ಆಸುಪಾಸು. ಗಿಡ ಇದನ್ನು ತಯಾರಿಸುವುದು ಕೊಲೆಸ್ಟರಾಲ್‌ನಿಂದ. ಗಿಡದಲ್ಲೂ ಕೊಲೆಸ್ಟರಾಲ್ ಇರುತ್ತದೆಯೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಇರುತ್ತದೆ, ಸ್ವಲ್ಪವೇ. ಟೊಮೆಟೊ ಆ ಸ್ವಲ್ಪಕ್ಕೆ ಕೆಲವು ಕಡೆ ಆಮ್ಲಜನಕ ಸೇರಿಸುತ್ತದೆ, ಒಂದು ಕಡೆ ಸಾರಜನಕ ಕೂರಿಸುತ್ತದೆ, ಉಂಗುರಗಳನ್ನು ಮುಚ್ಚುತ್ತದೆ. ಆಗ ಸಿಗುವುದು ಟೊಮಾಟಿಡಿನ್. ಅದಕ್ಕೆ ಒಂದಾದ ಮೇಲೊಂದು ನಾಲ್ಕು ಸಕ್ಕರೆ ಕಟ್ಟಿದರೆ ಟೊಮಾಟಿನ್: ಮೊದಲು ಗ್ಯಾಲಕ್ಟೋಸ್, ಆಮೇಲೆ ಎರಡು ಗ್ಲೂಕೋಸ್, ಒಂದು ಜೈಲೋಸ್. ಈ ದಾರಿಯ ಜೀನ್‌ಗಳಲ್ಲಿ ಹಲವು 7ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಆಸಾಫ್ ಅಹರೋನಿ ಅವರ ತಂಡ 2013ರಲ್ಲಿ ತೋರಿಸಿತು. ಅದಕ್ಕೂ ಮುಂಚೆ, 2011ರಲ್ಲಿ, ಮೊದಲ ಸಕ್ಕರೆ ಕಟ್ಟುವ ಜೀನನ್ನು ಅವರು ಅದುಮಿ ನೋಡಿದ್ದರು. ಗಿಡದ ಬೆಳವಣಿಗೆಯೇ ಕೆಟ್ಟಿತು. ಸಕ್ಕರೆ ಕಟ್ಟುವ ಕೆಲಸ ನಿಂತರೆ ಗಿಡಕ್ಕೇ ಆಪತ್ತು.

ತೋಟದಲ್ಲಿ ನಾನು ಮಾಡುವುದು ಹೀಗೆ. ಹೂ ಬಿರಿದ ದಿನವೇ ತೊಟ್ಟಿಗೆ ಬಣ್ಣದ ನೂಲು ಕಟ್ಟುತ್ತೇನೆ, ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಕಾಯಿಯ ಗಾತ್ರ ನೋಡಿ ವಯಸ್ಸು ಹೇಳಲಾಗದು, ಒಂದೇ ಗೊಂಚಲಿನಲ್ಲೂ ಹಿಂದುಮುಂದು ಇರುತ್ತದೆ. ಎಳೆಗಾಯಿ, ಬಲಿತ ಹಸಿರು ಕಾಯಿ, ದೋರೆಗಾಯಿ, ಹಣ್ಣು ಎಂದು ಹಂತ ಮಾಡಿಕೊಂಡು, ಎಲ್ಲವನ್ನೂ ಬೆಳಗಿನ ಒಂದೇ ಹೊತ್ತಿನಲ್ಲಿ ಕೊಯ್ದು, ತುಂಡು ಮಾಡಿ, ತಕ್ಷಣ ಸಾರಜನಕಕ್ಕೆ ಹಾಕುತ್ತೇನೆ. ಚೀಟಿಗೆ ಪೆನ್ಸಿಲಿನಲ್ಲೇ ಬರೆಯಬೇಕು, ಮಾರ್ಕರ್ ಶಾಯಿ ಮೆಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ಚಿಕ್ಕಪ್ಪ ಹಾಕಿದ್ದು ಒಂದೇ ಷರತ್ತು: "ಎಲೆ ಎಷ್ಟಾದ್ರೂ ಕಿತ್ಕೊಳಮ್ಮ. ಕಾಯಿ ಮಾತ್ರ ನೋಡ್ಕೊಂಡು ಕೊಯ್ಯಿ, ಈಗ ರೇಟು ಐತೆ."

ಲ್ಯಾಬಿನಲ್ಲಿ ಹೆಪ್ಪುಗಟ್ಟಿದ ತುಂಡನ್ನು ಕರಗಲು ಬಿಡದೆ, ಮೇಲಿಂದ ಮೇಲೆ ಸಾರಜನಕ ಸುರಿಯುತ್ತಾ ಕಲ್ಲಿನ ಖಲ್ವದಲ್ಲಿ ನುಣ್ಣಗೆ ಅರೆಯಬೇಕು. ಸ್ವಲ್ಪ ಫಾರ್ಮಿಕ್ ಆಮ್ಲ ಹಾಕಿದ ಮೆಥನಾಲಿನಲ್ಲಿ ಸಾರ ತೆಗೆದು, ಸೋಸಿ, ಅಣುಗಳನ್ನು ತೂಕದಿಂದ ಗುರುತಿಸುವ ಬೆಂಗಳೂರಿನ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುತ್ತೇನೆ. ದೊಡ್ಡ ಯಂತ್ರ ಇಲ್ಲದ ಕಾಲೇಜಿನಲ್ಲೂ ಈ ವಸ್ತುವನ್ನು ಕಣ್ಣಾರೆ ನೋಡಬಹುದು. ಟೊಮಾಟಿನ್ ಆಮ್ಲದಲ್ಲಿ ಕರಗುತ್ತದೆ, ಕ್ಷಾರದಲ್ಲಿ ಕರಗುವುದಿಲ್ಲ. ಎಲೆಯನ್ನು ತೆಳು ಅಸಿಟಿಕ್ ಆಮ್ಲದಲ್ಲಿ ನೆನೆಸಿ, ಸೋಸಿ, ಅಮೋನಿಯಾ ಹನಿಸುತ್ತಾ ಬಂದರೆ ಗಷ್ಟು ಕೂರತೊಡಗುತ್ತದೆ. ಮೊದಮೊದಲು ಕೊಳಕು ಬಣ್ಣ, ಮತ್ತೆ ಕರಗಿಸಿ ಮತ್ತೆ ಕೂರಿಸಿದಂತೆಲ್ಲ ತಿಳಿಯಾಗುತ್ತದೆ. ಶುದ್ಧ ಮಾಡಿದ್ದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕೊಲೆಸ್ಟರಾಲ್ ದ್ರಾವಣದ ಜೊತೆ ಬೆರೆಸಿದರೆ ಎರಡೂ ಹಿಡಿದುಕೊಂಡು ಮಸುಕಾಗಿ ತಳಕ್ಕಿಳಿಯುತ್ತವೆ. ಶಿಲೀಂಧ್ರದ ಕೋಶಪೊರೆಯಲ್ಲೂ ನಡೆಯುವುದು ಇದೇ. ಅಲ್ಲಿರುವ, ಕೊಲೆಸ್ಟರಾಲ್ ಜಾತಿಯ ಸ್ಟೆರಾಲ್‌ಗಳನ್ನು ಟೊಮಾಟಿನ್ ಹಿಡಿದುಕೊಳ್ಳುತ್ತದೆ, ಪೊರೆ ತೂತಾಗುತ್ತದೆ, ಒಳಗಿನದು ಹೊರಗೆ ಸೋರುತ್ತದೆ. ಪಾಠದಲ್ಲಿ ಹೇಳುವುದಕ್ಕಿಂತ ಆ ಒಂದು ಪ್ರನಾಳ ತೋರಿಸುವುದು ಮೇಲು.

ಹಾಗಿದ್ದ ಮೇಲೆ ಸೊರಗು ರೋಗ ಯಾಕೆ ಬರುತ್ತದೆ? ನನ್ನ ಕೆಲಸದ ಹೆಚ್ಚು ಹೊತ್ತು ಹೋಗಿರುವುದು ಈ ಪ್ರಶ್ನೆಗೆ.

ಮೊದಲು ಯಾವ ಸೊರಗು ಎಂದು ತಿಳಿಯಬೇಕು. ಸೊರಗಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿಗೆ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗಿಳಿದರೆ ಅದು ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ. ಎಳೆ ಬಾರದೆ, ಕಾಂಡ ಉದ್ದಕ್ಕೆ ಸೀಳಿದಾಗ ಒಳಗಿನ ನಾಳ ಕಂದು ತಿರುಗಿದ್ದರೆ ಬಹುಮಟ್ಟಿಗೆ ಫ್ಯುಸೇರಿಯಂ ಶಿಲೀಂಧ್ರ. ಎಲ್ಲ ರೈತರಿಗೂ ಈ ಲೋಟದ ಪರೀಕ್ಷೆ ಗೊತ್ತಿರಬೇಕು. ಬ್ಯಾಕ್ಟೀರಿಯಾ ಸೊರಗಿಗೆ ಶಿಲೀಂಧ್ರದ ಔಷಧಿ ಸುರಿದು ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಫ್ಯುಸೇರಿಯಂ ಇದ್ದ ಕಾಂಡದ ಚೂರನ್ನು ಹೊರಗಿನಿಂದ ಹೈಪೋಕ್ಲೋರೈಟಿನಲ್ಲಿ ತೊಳೆದು ಆಲೂಗಡ್ಡೆ ಅಗಾರ್ ತಟ್ಟೆಗೆ ಇಟ್ಟರೆ ಬಿಳಿ ಹತ್ತಿಯಂತೆ ಬೆಳೆದು, ಆಮೇಲೆ ನೇರಳೆ ಛಾಯೆ ತಿರುಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಕುಡುಗೋಲಿನ ಆಕಾರದ ಬೀಜಕಣಗಳು. ಅದನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿ ಟೊಮಾಟಿನ್ ಹಾಕಿದೆ. ಹೊತ್ತು ಹೊತ್ತಿಗೆ ಒಂದಿಷ್ಟು ತೆಗೆದು, ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ತಟ್ಟೆಯ ಮೇಲೆ ಓಡಿಸಿದೆ. ಚುಕ್ಕೆಗಳಿಗೆ ಬಣ್ಣ ಬರಿಸುವ ಆನಿಸಾಲ್ಡಿಹೈಡ್ ಸಿಂಪಡಿಸಿ ಕಾಯಿಸಿದಾಗ, ಮೊದಲ ಸಾಲಿನಲ್ಲಿ ಚುಕ್ಕೆ ಇದ್ದದ್ದು ಕೆಳಗೆ, ಬುಡದ ಹತ್ತಿರ. ಮುಂದಿನ ಸಾಲುಗಳಲ್ಲಿ ಅದು ಮಾಸುತ್ತಾ ಬಂತು, ತಟ್ಟೆಯ ಮೇಲ್ಭಾಗದಲ್ಲಿ ಇನ್ನೊಂದು ಚುಕ್ಕೆ ಎದ್ದಿತು. ಸಕ್ಕರೆ ಕಳೆದುಕೊಂಡ ವಸ್ತು ತಟ್ಟೆಯಲ್ಲಿ ಮೇಲಕ್ಕೆ ಓಡುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್ ಇದನ್ನು ಲೆಕ್ಕದಲ್ಲಿ ಹೇಳಿತು. ಅಣುವಿನ ತೂಕದ ಲೆಕ್ಕದಲ್ಲಿ ಟೊಮಾಟಿನ್ 1034ರಲ್ಲಿ ಕಾಣುತ್ತದೆ, ಟೊಮಾಟಿಡಿನ್ 416ರಲ್ಲಿ. ವ್ಯತ್ಯಾಸ 618. ಒಂದು ಗ್ಯಾಲಕ್ಟೋಸ್, ಎರಡು ಗ್ಲೂಕೋಸ್‌ಗೆ ತಲಾ 162, ಜೈಲೋಸ್‌ಗೆ 132, ಕೂಡಿಸಿ ನೋಡಿ. ನಡುವೆ ಒಂದೊಂದೇ ಸಕ್ಕರೆ ಕಳಚಿದ ಗುರುತು ನನಗೆ ಕಾಣಲಿಲ್ಲ. ಫ್ಯುಸೇರಿಯಂನ ಟೊಮಾಟಿನೇಸ್ ಕಿಣ್ವ ನಾಲ್ಕನ್ನೂ ಬುಡಸಮೇತ ಒಟ್ಟಿಗೆ ಕಡಿಯುತ್ತದೆ ಎಂದು ಗೊತ್ತಿರುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಎಲೆಚುಕ್ಕೆ ತರುವ ಸೆಪ್ಟೋರಿಯಾದ ದಾರಿ ಬೇರೆ. ಅದು ಒಂದೇ ಒಂದು ಗ್ಲೂಕೋಸ್ ಕೀಳುತ್ತದೆ, ಅಷ್ಟಕ್ಕೇ ಟೊಮಾಟಿನ್‌ನ ಬಲ ಇಳಿದುಹೋಗುತ್ತದೆ. ಅಷ್ಟೇ ಅಲ್ಲ, ಹೀಗೆ ಮುರಿದ ತುಂಡುಗಳು ಗಿಡದ ಉಳಿದ ರಕ್ಷಣೆಯನ್ನೂ ತಗ್ಗಿಸುತ್ತವೆ ಎಂದು 2002ರಲ್ಲಿ ಗೊತ್ತಾಯಿತು. ಗಿಡ ತಯಾರಿಸಿದ ಆಯುಧವನ್ನು ಮುರಿದು, ಆ ಚೂರನ್ನೇ ಗಿಡದ ಮೇಲೆ ತಿರುಗಿಸುವ ಈ ಕೌಶಲ ನನ್ನನ್ನು ಇವತ್ತಿಗೂ ಹಿಡಿದು ಕೂರಿಸುತ್ತದೆ.

ಊರಲ್ಲಿ ಹೆಚ್ಚು ಜನ ಕೇಳಿದ್ದು ಬೇರೆ ಪ್ರಶ್ನೆ: ಟೊಮೆಟೊ ಕಾಯಿ ಚಟ್ನಿ, ಗೊಜ್ಜು ತಿನ್ನಬಹುದಾ? ಅಡುಗೆಗೆ ಬಳಸುವಷ್ಟು ಬಲಿತ ಕಾಯಿಗೆ ಹೆದರಬೇಕಿಲ್ಲ. ತಿಂದ ಟೊಮಾಟಿನ್ ಹೊಟ್ಟೆಯಲ್ಲಿ ಕೊಲೆಸ್ಟರಾಲ್ ಜೊತೆ ಸೇರಿ ಬಹುಪಾಲು ಹೊರಗೆ ಹೋಗುತ್ತದೆ. ಹ್ಯಾಮ್‌ಸ್ಟರ್‌ಗಳ ಮೇಲಿನ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿದದ್ದೂ ಉಂಟು. ಆದರೆ ಎಲೆಯನ್ನು ಸೊಪ್ಪಿನಂತೆ ಬಳಸಬೇಡಿ, ದನಕ್ಕೂ ರಾಶಿ ಹಾಕಬೇಡಿ.

ಈಗ ನಾನು ನೋಡುತ್ತಿರುವುದು ಕಹಿ ಹೋಗುವ ದಾರಿ. ಹಣ್ಣಾಗುವಾಗ ಗಿಡ ಟೊಮಾಟಿನ್ ಅನ್ನು ಎಸೆಯುವುದಿಲ್ಲ, ಅದರ ಮೇಲೇ ಇನ್ನಷ್ಟು ಕಟ್ಟುತ್ತದೆ. ತೂಕ 1034 ಇದ್ದದ್ದು 1050, 1092, 1108 ಆಗಿ, ಕೊನೆಗೆ ಇನ್ನೊಂದು ಗ್ಲೂಕೋಸ್ ಸೇರಿ 1270ಕ್ಕೆ ಬಂದು ನಿಲ್ಲುತ್ತದೆ. ಈ ಕೊನೆಯದಕ್ಕೆ ಎಸ್ಕುಲಿಯೋಸೈಡ್ ಎ ಎಂದು ಹೆಸರು, ಅದು ಕಹಿಯಲ್ಲ. ಈ ಮೆಟ್ಟಿಲುಗಳನ್ನು ಹತ್ತಿಸುವುದು ಹಣ್ಣಾಗಿಸುವ ಎಥಿಲೀನ್ ಅನಿಲ. ನಮ್ಮ ಮಂಡಿಯಿಂದ ದೂರದ ಊರುಗಳಿಗೆ ಲಾರಿ ಹತ್ತುವುದು ದೋರೆಗಾಯಿ. ಗಿಡದಿಂದ ಬೇರೆಯಾದ ಮೇಲೆ, 15 ಕಿಲೋ ಬಾಕ್ಸಿನ ಸೆಕೆಯಲ್ಲಿ, ಆ ಕಾಯಿ 1270ರವರೆಗೂ ಪೂರ್ತಿ ಹತ್ತುತ್ತದೆಯೇ ಅಥವಾ ಬಣ್ಣ ಮಾತ್ರ ತಿರುಗಿ ನಡುವೆಯೇ ನಿಲ್ಲುತ್ತದೆಯೇ? ಒಂದೇ ದಿನದ ನೂಲು ಕಟ್ಟಿದ ಕಾಯಿಗಳಲ್ಲಿ ಅರ್ಧವನ್ನು ಗಿಡದಲ್ಲೇ ಬಿಟ್ಟು, ಅರ್ಧವನ್ನು ಬಾಕ್ಸಿಗೆ ತುಂಬಿ ಶೆಡ್ಡಿನಲ್ಲಿಟ್ಟು ಹೋಲಿಸುತ್ತಿದ್ದೇನೆ. ಗಿಡದಲ್ಲಿ ಬಿಟ್ಟ ಕಾಯಿಗಳಿಗೆ ಆ ವಾರದ ಮಂಡಿ ರೇಟು ಕೊಡುತ್ತೇನೆ ಎಂದು ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದೇನೆ.